‘ಸಿಸ್ಟಮ್ಸ್ ಇಂಜಿನಿಯರ್, ಇಎಂಐ ಟೆಸ್ಟಿಂಗ್’: ಈ ಹುದ್ದೆಯಲ್ಲಿ ಮಾಡುವ ಕೆಲಸ ಏನು?

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಇಂಜಿನಿಯರಿಂಗ್ ಕಾಲೇಜುಗಳ ಪ್ಲೇಸ್‌ಮೆಂಟ್ ಗ್ರೂಪುಗಳಿಗೆ ಬರುವ ಹುದ್ದೆಗಳ ಪೈಕಿ ‘ಗ್ರಾಜುಯೇಟ್ ಸಿಸ್ಟಮ್ಸ್ ಇಂಜಿನಿಯರ್, ಇಎಂಐ-ಇಎಂಸಿ’ ಎಂಬುದೂ ಒಂದು. ಇಎಂಐ ಎಂದರೆ ಎಲೆಕ್ಟ್ರೋಮ್ಯಾಗ್ನೆಟಿಕ್ ಇಂಟರ್‌ಫಿಯರೆನ್ಸ್, ಇಎಂಸಿ ಎಂದರೆ ಎಲೆಕ್ಟ್ರೋಮ್ಯಾಗ್ನೆಟಿಕ್ ಕಂಪ್ಯಾಟಿಬಿಲಿಟಿ. ಐಟಿ ಕಂಪನಿಗಳು ಹೊಸಬರಿಗೆ ಕೊಡುವ ಹುದ್ದೆಯ ಹೆಸರೂ ಸಿಸ್ಟಮ್ಸ್ ಇಂಜಿನಿಯರ್ ಎಂದೇ ಇರುವುದರಿಂದ, ಇದೂ ಕೋಡಿಂಗ್ ಕೆಲಸವೇ ಇರಬೇಕು ಅಂತ ಅನೇಕರು ಮುಂದಕ್ಕೆ ಸ್ಕ್ರೋಲ್ ಮಾಡಿಬಿಡುತ್ತಾರೆ. ಇದು ಬೇರೆ ಕೆಲಸ. ರಕ್ಷಣೆ, ವಿಮಾನಯಾನ, ಎಲೆಕ್ಟ್ರಿಕ್ ವಾಹನ, ವೈದ್ಯಕೀಯ ಉಪಕರಣ, ಹೀಗೆ ಎಲೆಕ್ಟ್ರಾನಿಕ್ಸ್ ಇರುವ ಎಲ್ಲ ಕಡೆ ಒಂದು ಪೆಟ್ಟಿಗೆ ಇನ್ನೊಂದರ ಕೆಲಸ ಕೆಡಿಸುವುದಿಲ್ಲ ಎಂಬುದನ್ನು ಅಳೆದು, ಬರೆದು, ಸಹಿ ಹಾಕಿ ತೋರಿಸಬೇಕಾಗುತ್ತದೆ. ಅದನ್ನು ಮಾಡುವವರ ತಂಡದಲ್ಲಿ ಮೊದಲ ಮೆಟ್ಟಿಲಿನ ಹುದ್ದೆ ಇದು.

ರೇಡಿಯೊದಲ್ಲಿ ಗರಗರ ಯಾಕೆ ಬರುತ್ತದೆ

765 ಕಿಲೊಹರ್ಟ್ಸ್‌ನಲ್ಲಿ ಧಾರವಾಡ ಆಕಾಶವಾಣಿ ಕೇಳುವವರಿಗೆ ಇದು ಹೊಸ ವಿಷಯವಲ್ಲ. ಸೋವಿ ದರದ ಎಲ್‌ಇಡಿ ಬಲ್ಬ್ ಹಚ್ಚಿದ ಕೂಡಲೇ ಮೀಡಿಯಂ ವೇವ್ ರೇಡಿಯೊದಲ್ಲಿ ಗರಗರ ಶುರು, ಆರಿಸಿದರೆ ಬಂದ್. ಬಲ್ಬಿನೊಳಗಿನ ಪುಟ್ಟ ಪವರ್ ಸಪ್ಲೈ ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಆನ್-ಆಫ್ ಮಾಡುತ್ತಿರುತ್ತದೆ. ಅದು 85 ಕಿಲೊಹರ್ಟ್ಸ್‌ನಲ್ಲಿ ನಡೆಯುತ್ತಿದೆ ಎಂದಿಟ್ಟುಕೊಳ್ಳಿ. ಚೂಪಾಗಿ ಆನ್-ಆಫ್ ಆಗುವ ಯಾವುದೇ ಅಲೆ ತನ್ನ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಆವರ್ತನಗಳಲ್ಲೂ ಶಕ್ತಿ ಚೆಲ್ಲುತ್ತದೆ. ಇವೇ ಹಾರ್ಮೋನಿಕ್‌ಗಳು. 85ರ ಒಂಬತ್ತು ಪಟ್ಟು 765. ಅಂದರೆ ಬಲ್ಬಿನ ಒಂಬತ್ತನೇ ಹಾರ್ಮೋನಿಕ್ ನೆಟ್ಟಗೆ ಧಾರವಾಡ ಕೇಂದ್ರದ ಮೇಲೆಯೇ ಕೂರುತ್ತದೆ. ಬಲ್ಬಿಗೆ ರೇಡಿಯೊ ಕಳಿಸುವ ಉದ್ದೇಶವಿಲ್ಲ, ಆದರೂ ಮನೆಯ ವೈರಿಂಗ್ ಅದಕ್ಕೆ ಆಂಟೆನಾ ಆಗಿಬಿಡುತ್ತದೆ.

ಹೀಗೆ ಬೇಡದ ರೇಡಿಯೊ ಅಲೆ ಇನ್ನೊಂದು ಉಪಕರಣಕ್ಕೆ ಕೊಡುವ ತೊಂದರೆಗೆ ರೇಡಿಯೊ ಫ್ರೀಕ್ವೆನ್ಸಿ ಇಂಟರ್‌ಫಿಯರೆನ್ಸ್, ಚಿಕ್ಕದಾಗಿ ಆರ್‌ಎಫ್‌ಐ ಎನ್ನುತ್ತಾರೆ. ಇಎಂಐ ಸ್ವಲ್ಪ ಅಗಲವಾದ ಪದ, ಸ್ಪಾರ್ಕ್, ಸಿಡಿಲಿನ ಸರ್ಜ್ ಎಲ್ಲ ಅದರಲ್ಲಿ ಬರುತ್ತವೆ. ಉಪಕರಣ ತಾನೂ ತೊಂದರೆ ಕೊಡದೆ, ಬೇರೆಯವರ ತೊಂದರೆಗೂ ಜಗ್ಗದೆ ಇರುವ ಗುಣ ಇಎಂಸಿ.

ಮೂಲ, ದಾರಿ, ಬಲಿ

ಪ್ರತಿ ಇಂಟರ್‌ಫಿಯರೆನ್ಸ್‌ನಲ್ಲೂ ಮೂರು ಪಾತ್ರಗಳು ಇದ್ದೇ ಇರುತ್ತವೆ: ಗದ್ದಲ ಹುಟ್ಟುವ ಜಾಗ, ಅದು ಸಾಗುವ ದಾರಿ, ಅದರಿಂದ ಕೆಡುವ ಉಪಕರಣ. ಓಣಿಯ ಹಿಟ್ಟಿನ ಗಿರಣಿಯ ಸದ್ದಿಗೆ ಪಕ್ಕದ ಮನೆಯ ಹುಡುಗನಿಗೆ ಓದಲು ಆಗುತ್ತಿಲ್ಲ ಅಂದರೆ ಗಿರಣಿಯ ಸದ್ದು ತಗ್ಗಿಸಬಹುದು, ನಡುವೆ ಗೋಡೆ ಕಟ್ಟಬಹುದು, ಇಲ್ಲವೇ ಹುಡುಗನ ಕೋಣೆಯ ಕಿಟಕಿ ಮುಚ್ಚಬಹುದು. ಇಲ್ಲೂ ಪರಿಹಾರ ಈ ಮೂರರಲ್ಲೊಂದೇ. ದಾರಿಯಲ್ಲಿ ಮಾತ್ರ ಎರಡು ಬಗೆ ಇದೆ. ವೈರಿನ ಮೂಲಕ ಹೋದರೆ ಕಂಡಕ್ಟೆಡ್, ಗಾಳಿಯಲ್ಲಿ ಹೋದರೆ ರೇಡಿಯೇಟೆಡ್. ನಾಗರಿಕ ಮಾನದಂಡಗಳಲ್ಲಿ ಸಾಮಾನ್ಯವಾಗಿ 150 ಕಿಲೊಹರ್ಟ್ಸ್‌ನಿಂದ 30 ಮೆಗಾಹರ್ಟ್ಸ್‌ವರೆಗೆ ವೈರಿನಲ್ಲಿ ಅಳೆಯುತ್ತಾರೆ, 30 ಮೆಗಾಹರ್ಟ್ಸ್‌ನಿಂದ ಮೇಲಕ್ಕೆ ಗಾಳಿಯಲ್ಲಿ. 30 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ 10 ಮೀಟರ್. ಅದಕ್ಕಿಂತ ಕೆಳಗೆ ಪುಟ್ಟ ಪೆಟ್ಟಿಗೆ ಮತ್ತು ಅದರ ಕೇಬಲ್ ಒಳ್ಳೆಯ ಆಂಟೆನಾ ಆಗಲಾರವು, ನಾಯ್ಸ್ ಮೇನ್ಸ್ ವೈರನ್ನೇ ಹಿಡಿದು ಹೊರಡುತ್ತದೆ.

‘ಸಿಸ್ಟಮ್ಸ್’ ಎಂಬ ಭಾಗ

ಬರೀ ಟೆಸ್ಟ್ ಮಾಡುವವರು ಟೆಸ್ಟ್ ಇಂಜಿನಿಯರ್. ಸಿಸ್ಟಮ್ಸ್ ಇಂಜಿನಿಯರ್ ಅದಕ್ಕಿಂತ ಮುಂಚೆಯೇ ಕೆಲಸ ಶುರು ಮಾಡಿ, ಟೆಸ್ಟ್ ಮುಗಿದ ಮೇಲೂ ಮುಂದುವರಿಸುತ್ತಾರೆ. ಹೊಲದ ಪಂಪ್‌ಸೆಟ್ಟನ್ನು ಮೊಬೈಲಿನಿಂದ ಚಾಲೂ ಮಾಡುವ ಕಂಟ್ರೋಲರ್ ಪೆಟ್ಟಿಗೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಒಳಗೆ ಒಂದು ಪವರ್ ಸಪ್ಲೈ, ಒಂದು ಮೈಕ್ರೋಕಂಟ್ರೋಲರ್, ಒಂದು ಮೊಬೈಲ್ ಮೋಡೆಮ್, ಹೊರಗೆ ಸ್ಟಾರ್ಟರಿನ ಕಾಂಟ್ಯಾಕ್ಟರಿಗೆ (ಮೋಟರಿಗೆ ಕರೆಂಟ್ ಕೊಟ್ಟು ತೆಗೆಯುವ ದೊಡ್ಡ ಸ್ವಿಚ್ಚಿಗೆ) ಹೋಗುವ ವೈರು.

‘ಪೆಟ್ಟಿಗೆ ಬೇರೆ ಉಪಕರಣಗಳಿಗೆ ತೊಂದರೆ ಕೊಡಬಾರದು’ ಎಂದು ಬರೆದರೆ ಅದನ್ನು ಯಾರೂ ಪರೀಕ್ಷಿಸಲಾರರು. ‘230 ವೋಲ್ಟ್ ಇನ್‌ಪುಟ್‌ನಲ್ಲಿ, ಮೋಡೆಮ್ ನೆಟ್‌ವರ್ಕಿಗೆ ಜೋಡಣೆಯಾಗಿ, ಕಾಂಟ್ಯಾಕ್ಟರ್ ಆನ್ ಇರುವಾಗ, ಮೇನ್ಸ್ ವೈರಿನ ನಾಯ್ಸ್ 150 ಕಿಲೊಹರ್ಟ್ಸ್‌ನಿಂದ 30 ಮೆಗಾಹರ್ಟ್ಸ್‌ವರೆಗೆ ಸಿಐಎಸ್‌ಪಿಆರ್ 32ರ ಕ್ಲಾಸ್ ಬಿ ಮಿತಿಯೊಳಗೆ ಇರಬೇಕು’ ಎಂದು ಬರೆದರೆ ಪರೀಕ್ಷಿಸಬಹುದು. (ಸಿಐಎಸ್‌ಪಿಆರ್ ಎಂಬುದು ರೇಡಿಯೊ ತೊಂದರೆಗೆ ಮಿತಿ ಹಾಕುವ ಅಂತರರಾಷ್ಟ್ರೀಯ ಸಮಿತಿ, ಕ್ಲಾಸ್ ಬಿ ಎಂದರೆ ಮನೆಗಳಲ್ಲಿ ಬಳಸುವ ಉಪಕರಣಗಳಿಗೆ ಇರುವ ಬಿಗಿಯಾದ ಮಿತಿ.) ಹೊಸಬರ ಕೈಗೆ ಮೊದಲು ಬರುವ ಕೆಲಸ ಇದೇ: ಇಂಥ ಪ್ರತಿ ಸಾಲಿಗೂ ನಂಬರ್ ಕೊಟ್ಟು, ಅದನ್ನು ಟೆಸ್ಟ್ ಮಾಡಿ ತೋರಿಸುತ್ತೇವೋ, ಲೆಕ್ಕ ಹಾಕಿ ತೋರಿಸುತ್ತೇವೋ, ಕಣ್ಣಳತೆಯ ಪರಿಶೀಲನೆ ಸಾಕೋ, ನಡೆಸಿ ತೋರಿಸಬೇಕೋ ಎಂಬ ಪಟ್ಟಿ ಮಾಡುವುದು. ಇದನ್ನು ವೆರಿಫಿಕೇಶನ್ ಮ್ಯಾಟ್ರಿಕ್ಸ್ ಎನ್ನುತ್ತಾರೆ. ಗುಮಾಸ್ತಿಕೆಯಂತೆ ಕಂಡರೂ ಇದೇ ಈ ಹುದ್ದೆಯ ಬೆನ್ನೆಲುಬು. ಮೋಡೆಮ್ ಯಾವ ಸ್ಥಿತಿಯಲ್ಲಿರಬೇಕು ಎಂಬ ಒಂದು ಮಾತು ಪಟ್ಟಿಯಲ್ಲಿ ಬಿಟ್ಟುಹೋದರೆ, ಮೋಡೆಮ್ ಮಲಗಿರುವಾಗಲೇ ಪೆಟ್ಟಿಗೆ ಪಾಸಾಗಿಬಿಡುತ್ತದೆ. ಹೊಲಕ್ಕೆ ಹೋದ ಮೇಲೆ ತೊಂದರೆ ಶುರುವಾಗುತ್ತದೆ.

ಯಾವ ಮಾನದಂಡ ಅನ್ವಯಿಸುತ್ತದೆ ಎಂಬುದು ಉತ್ಪನ್ನದ ಮೇಲೆ ಹೋಗುತ್ತದೆ. ಐಟಿ ಮತ್ತು ಮಲ್ಟಿಮೀಡಿಯಾ ಉಪಕರಣಗಳಿಗೆ ಸಿಐಎಸ್‌ಪಿಆರ್ 32, ಕಾರ್ಖಾನೆ ಮತ್ತು ವೈದ್ಯಕೀಯ ಯಂತ್ರಗಳ ಹೊರಸೂಸುವಿಕೆಗೆ ಸಿಐಎಸ್‌ಪಿಆರ್ 11, ಸೇನಾ ಉಪಕರಣಕ್ಕೆ ಮಿಲ್-ಸ್ಟ್ಯಾಂಡರ್ಡ್ 461 (ಇದರ ಜಿ ಆವೃತ್ತಿ 2015ರದ್ದು), ವಿಮಾನದ ಉಪಕರಣಕ್ಕೆ ಡಿಒ-160. ಭಾರತದಲ್ಲಿ ಟೆಲಿಕಾಂ ಉಪಕರಣಗಳಿಗೆ ಟೆಲಿಕಮ್ಯುನಿಕೇಶನ್ ಇಂಜಿನಿಯರಿಂಗ್ ಸೆಂಟರ್‌ನ ಕಡ್ಡಾಯ ಪ್ರಮಾಣೀಕರಣ ಇದೆ.

ಡೆಸಿಬಲ್ ಲೆಕ್ಕ ಬಾಯಿಪಾಠ ಆಗಲೇಬೇಕು

ಲ್ಯಾಬಿನಲ್ಲಿ ವೋಲ್ಟ್, ಮಿಲಿವೋಲ್ಟ್ ಎಂದು ಯಾರೂ ಮಾತಾಡುವುದಿಲ್ಲ. ಒಂದು ಮೈಕ್ರೋವೋಲ್ಟನ್ನು ಸೊನ್ನೆ ಎಂದಿಟ್ಟುಕೊಂಡು ಡಿಬಿ-ಮೈಕ್ರೋವೋಲ್ಟಿನಲ್ಲಿ ಹೇಳುತ್ತಾರೆ. ವೋಲ್ಟೇಜ್ ಹತ್ತು ಪಟ್ಟಾದರೆ 20 ಡಿಬಿ, ದುಪ್ಪಟ್ಟಾದರೆ ಸುಮಾರು 6 ಡಿಬಿ. ಹಾಗಾಗಿ 60 ಡಿಬಿ-ಮೈಕ್ರೋವೋಲ್ಟ್ ಎಂದರೆ ಒಂದು ಮಿಲಿವೋಲ್ಟ್, 66 ಎಂದರೆ ಎರಡು ಮಿಲಿವೋಲ್ಟ್. ಗುಣಾಕಾರ-ಭಾಗಾಕಾರದ ಬದಲು ಕೂಡಿಸಿ ಕಳೆದರೆ ಸಾಕು ಎಂಬುದೇ ಇದರ ಲಾಭ.

ಒಂದು ಲೆಕ್ಕ ನೋಡಿ. 120 ಮೆಗಾಹರ್ಟ್ಸ್‌ನಲ್ಲಿ ರಿಸೀವರ್ 38 ತೋರಿಸುತ್ತಿದೆ. ಆ ಆವರ್ತನದಲ್ಲಿ ಆಂಟೆನಾ ಫ್ಯಾಕ್ಟರ್ (ಆಂಟೆನಾ ಕೊಟ್ಟ ವೋಲ್ಟೇಜಿನಿಂದ ಗಾಳಿಯಲ್ಲಿನ ಕ್ಷೇತ್ರ ತಿಳಿಯಲು ಕೂಡಿಸುವ ಅಂಕಿ) 14, ಕೇಬಲ್ ನಷ್ಟ 2, ನಡುವಿನ ಪ್ರಿ-ಆಂಪ್ಲಿಫೈಯರ್ ಹೆಚ್ಚಿಸಿದ್ದು 20. ಗಾಳಿಯಲ್ಲಿನ ನಿಜವಾದ ಕ್ಷೇತ್ರ: 38 ಕೂಡಿಸು 14 ಕೂಡಿಸು 2 ಕಳೆ 20, ಅಂದರೆ ಮೀಟರಿಗೆ 34 ಡಿಬಿ-ಮೈಕ್ರೋವೋಲ್ಟ್. ಮೂರು ಮೀಟರ್ ದೂರದಲ್ಲಿ ಕ್ಲಾಸ್ ಬಿ ಮಿತಿ ಇಲ್ಲಿ 40. ಉಳಿದ ಅಂತರ 6 ಡಿಬಿ. ಎಡವುವುದೂ ಇಲ್ಲೇ. ಕೇಬಲ್ ನಷ್ಟವನ್ನು ಕೂಡಿಸುವ ಬದಲು ಕಳೆದುಬಿಟ್ಟರೆ ಉತ್ತರ 30 ಆಗುತ್ತದೆ, 4 ಡಿಬಿ ತಪ್ಪು, ಅದೂ ನಮಗೆ ಒಳ್ಳೆಯದಾಗಿ ಕಾಣುವ ಕಡೆಗೆ. ಸಾಫ್ಟ್‌ವೇರಿನಲ್ಲಿ ಹಳೇ ಕೇಬಲಿನ ಟೇಬಲ್ ಉಳಿದುಕೊಂಡಿದ್ದರೂ ಹೀಗೇ. ಅದಕ್ಕೇ ಅನುಭವಿಗಳು ಟೆಸ್ಟ್ ಶುರುವಾಗುವ ಮುಂಚೆ ಗೊತ್ತಿರುವ ಒಂದು ಸಿಗ್ನಲ್ಲನ್ನು ಜನರೇಟರಿನಿಂದ ಕೇಬಲಿಗೆ ಕೊಟ್ಟು, ಪರದೆಯ ಮೇಲೆ ಅಷ್ಟೇ ಬರುತ್ತದೆಯೇ ಎಂದು ನೋಡುತ್ತಾರೆ. ಹತ್ತು ನಿಮಿಷದ ಕೆಲಸ, ಇಡೀ ದಿನದ ದತ್ತಾಂಶ ಉಳಿಸುತ್ತದೆ.

ವೈರಿನ ಪರೀಕ್ಷೆ: ಲಿಸನ್ ಎಂಬ ಪೆಟ್ಟಿಗೆ

ಬೆಳಗಾವಿಯ ಮೇನ್ಸ್ ಬೇರೆ, ಪುಣೆಯ ಮೇನ್ಸ್ ಬೇರೆ. ಒಂದೇ ಉಪಕರಣವನ್ನು ಎರಡು ಕಡೆ ಅಳೆದರೆ ಉತ್ತರ ಬದಲಾಗಬಾರದು. ಅದಕ್ಕಾಗಿ ಮೇನ್ಸ್ ಮತ್ತು ಉಪಕರಣದ ನಡುವೆ ಎಲ್‌ಐಎಸ್‌ಎನ್ ಎಂಬ ಪೆಟ್ಟಿಗೆ ಇಡುತ್ತಾರೆ. ಲ್ಯಾಬಿನವರ ಬಾಯಲ್ಲಿ ಅದು ‘ಲಿಸನ್’. ಅದರೊಳಗಿನ 50 ಮೈಕ್ರೋಹೆನ್ರಿ ಕಾಯಿಲು ಹೊರಗಿನ ಗದ್ದಲವನ್ನು ತಡೆಯುತ್ತದೆ, ಉಪಕರಣದ ನಾಯ್ಸ್‌ಗೆ ಎಲ್ಲ ಕಡೆ ಒಂದೇ ಥರದ 50 ಓಮ್ ಹಾದಿ ತೋರಿಸುತ್ತದೆ. ಆ 50 ಓಮಿನ ಮೇಲೆ ಬಿದ್ದ ವೋಲ್ಟೇಜನ್ನು ರಿಸೀವರ್ ಓದುತ್ತದೆ.

ಜೋಡಣೆಗೆ ಅಳತೆ ಇದೆ: ಉಪಕರಣ 80 ಸೆಂಟಿಮೀಟರ್ ಎತ್ತರದ ಮರದ ಮೇಜಿನ ಮೇಲೆ, ಹಿಂದಿನ ಲೋಹದ ಗೋಡೆಯಿಂದ 40 ಸೆಂಟಿಮೀಟರ್, ಲಿಸನ್‌ನಿಂದ 80 ಸೆಂಟಿಮೀಟರ್. ಹೆಚ್ಚಾದ ಮೇನ್ಸ್ ಕೇಬಲನ್ನು ಸುರುಳಿ ಸುತ್ತಬಾರದು. 30ರಿಂದ 40 ಸೆಂಟಿಮೀಟರ್ ಉದ್ದಕ್ಕೆ ಹಿಂದೆ-ಮುಂದೆ ಮಡಚಿ ಕಟ್ಟಬೇಕು. ಸುರುಳಿ ಮಾಡಿದರೆ ಅದೇ ಒಂದು ಕಾಯಿಲ್ ಆಗಿ ಫಲಿತಾಂಶ ಬದಲಾಗುತ್ತದೆ.

ಅಪಾಯವೂ ಇಲ್ಲಿದೆ. ಲಿಸನ್‌ನೊಳಗೆ ಲೈನಿನಿಂದ ಅರ್ತಿಗೆ ದೊಡ್ಡ ಕೆಪಾಸಿಟರುಗಳಿವೆ. 230 ವೋಲ್ಟಿನಲ್ಲಿ ಅವುಗಳ ಮೂಲಕ ಹೆಚ್ಚುಕಡಿಮೆ ಒಂದು ಆಂಪಿಯರ್‌ವರೆಗೂ ಅರ್ತಿಗೆ ಹರಿಯಬಹುದು. 30 ಮಿಲಿಆಂಪಿಯರಿಗೇ ಬೀಳುವ ಆರ್‌ಸಿಸಿಬಿ (ಅರ್ತಿಗೆ ಕರೆಂಟ್ ಸೋರಿದರೆ ಸಾಲನ್ನು ಬಂದ್ ಮಾಡುವ ಸ್ವಿಚ್) ಇರುವ ಸಾಲಿಗೆ ಇದನ್ನು ಜೋಡಿಸಿದರೆ ತಕ್ಷಣ ಟ್ರಿಪ್. ಟ್ರಿಪ್ ಆಗುತ್ತದೆಂದು ಕೆಲವರು ಅರ್ತ್ ವೈರನ್ನೇ ಬಿಚ್ಚುತ್ತಾರೆ. ಅದು ಜೀವಕ್ಕೆ ಎರವು, ಅರ್ತ್ ಇಲ್ಲದ ಲಿಸನ್‌ನ ಮೈಗೇ ಕರೆಂಟ್ ಬರುತ್ತದೆ. ಸರಿಯಾದ ದಾರಿ ಐಸೊಲೇಶನ್ ಟ್ರಾನ್ಸ್‌ಫಾರ್ಮರ್. ಮೊದಲು ಅರ್ತ್ ಬಿಗಿದು ಆಮೇಲೆ ಪವರ್, ಬಿಚ್ಚುವಾಗ ಮೊದಲು ಪವರ್ ತೆಗೆದು ಕೊನೆಗೆ ಅರ್ತ್. ವಿಜಯಪುರ, ಬಾಗಲಕೋಟೆಯ ಎರೆ ಭೂಮಿಯಲ್ಲಿ ಲ್ಯಾಬ್ ಕಟ್ಟುವವರು ಇನ್ನೊಂದನ್ನು ನೆನಪಿಡಬೇಕು: ಬೇಸಿಗೆಯಲ್ಲಿ ಎರೆ ಮಣ್ಣು ಬಿರುಕು ಬಿಟ್ಟು ಅರ್ತಿಂಗ್ ಪೈಪಿನಿಂದ ದೂರ ಸರಿಯುತ್ತದೆ, ರೆಸಿಸ್ಟೆನ್ಸ್ ಏರುತ್ತದೆ. ಗುಂಡಿಗೆ ನೀರು ಹಾಕುತ್ತಿರಬೇಕು, ಅಳೆಯುವುದನ್ನೂ ಬೇಸಿಗೆಯಲ್ಲೇ ಮಾಡಬೇಕು.

ರಿಸೀವರ್ ಜೋಡಿಸಿಟ್ಟುಕೊಂಡೇ ಉಪಕರಣದ ಸ್ವಿಚ್ ಆರಿಸುವುದೂ ದುಬಾರಿ ತಪ್ಪು. ಆರಿಸುವ ಕ್ಷಣದ ವೋಲ್ಟೇಜ್ ಏಟಿಗೆ ರಿಸೀವರಿನ ಇನ್‌ಪುಟ್ ಸುಡಬಹುದು. ನಡುವೆ ಟ್ರಾನ್ಸಿಯೆಂಟ್ ಲಿಮಿಟರ್ ಹಾಕಿ, ಆರಿಸುವ ಮುಂಚೆ ಕೇಬಲ್ ತೆಗೆಯಬೇಕು.

ಗಾಳಿಯ ಪರೀಕ್ಷೆ: ಚೇಂಬರಿನಲ್ಲಿ ಒಂದು ದಿನ

ಹೊರಗೆ ಬಯಲಲ್ಲಿ ಅಳೆದರೆ 88ರಿಂದ 108 ಮೆಗಾಹರ್ಟ್ಸ್‌ವರೆಗೆ ಎಫ್‌ಎಂ, ಮೇಲೆ ಮೊಬೈಲ್ ಟವರ್, ಎಲ್ಲವೂ ಪರದೆಯ ಮೇಲೆ ಬಂದು ನಿಲ್ಲುತ್ತವೆ. ಅದಕ್ಕಾಗಿ ಉಕ್ಕಿನ ಕೋಣೆ, ಒಳಗೋಡೆಗೆ ಅಲೆ ಹೀರುವ ಫೆರೈಟ್ ಹಲಗೆ ಮತ್ತು ಮೊನೆಮೊನೆಯಾದ ಫೋಮ್. ಇದೇ ಚೇಂಬರ್. ಪುಣೆಯ ಎಆರ್‌ಎಐ (ವಾಹನಗಳ ಸಂಶೋಧನಾ ಸಂಸ್ಥೆ), ಚೆನ್ನೈ ಮತ್ತು ನವಿ ಮುಂಬೈನ ಸಮೀರ್ (ಕೇಂದ್ರ ಸರ್ಕಾರದ ಮೈಕ್ರೋವೇವ್ ಸಂಶೋಧನಾ ಸಂಸ್ಥೆ) ಕೇಂದ್ರಗಳಲ್ಲಿ ಇಎಂಐ-ಇಎಂಸಿ ಪರೀಕ್ಷೆಯ ಸೌಲಭ್ಯವಿದೆ, ಬೆಂಗಳೂರಿನಲ್ಲಿ ಖಾಸಗಿ ಲ್ಯಾಬುಗಳಿವೆ. ಬಾಡಿಗೆ ಸಾಮಾನ್ಯವಾಗಿ ತಾಸು ಇಲ್ಲವೇ ಪಾಳಿಯ ಲೆಕ್ಕ. ಬೆಳಗಾವಿಯಿಂದ ಪೆಟ್ಟಿಗೆ ಹೊತ್ತು ಹೋದವರು ಅಲ್ಲಿ ಒಂದು ಕನ್ವರ್ಟರ್ ಕೇಬಲ್ ಮರೆತಿದ್ದು ಗೊತ್ತಾದರೆ ಆ ದಿನ ಹೋದಂತೆಯೇ. ಹೊಸ ಇಂಜಿನಿಯರಿನ ಕೈಬರಹದ ಪಟ್ಟಿಗೆ ನಿಜವಾದ ಬೆಲೆ ಬರುವುದು ಇಲ್ಲಿ: ಎರಡು ಸ್ಯಾಂಪಲ್ ಪೆಟ್ಟಿಗೆ, ಅದೇ ಉದ್ದದ ಅಸಲಿ ಕೇಬಲುಗಳು, ಲೋಡ್, ಫರ್ಮ್‌ವೇರ್ ಆವೃತ್ತಿಯ ನಂಬರ್, ಸರ್ಕಿಟ್ ನಕ್ಷೆ, ಕೇಬಲಿನ ನಾಯ್ಸ್ ತಡೆಯಲು ಅದಕ್ಕೆ ಕಚ್ಚಿಸುವ ಕ್ಲಿಪ್ ಫೆರೈಟ್, ತಾಮ್ರದ ಟೇಪ್, ಸೋಲ್ಡರಿಂಗ್ ಐರನ್.

ಉಪಕರಣ ತಿರುಗುವ ಮೇಜಿನ ಮೇಲೆ 360 ಡಿಗ್ರಿ ಸುತ್ತುತ್ತದೆ. 3 ಅಥವಾ 10 ಮೀಟರ್ ದೂರದ ಆಂಟೆನಾ 1ರಿಂದ 4 ಮೀಟರ್ ಎತ್ತರಕ್ಕೆ ಏರಿಳಿಯುತ್ತದೆ. ಏರಿಳಿಸುವುದಕ್ಕೆ ಕಾರಣ ನೆಲ. ನೇರ ಬಂದ ಅಲೆಯೂ ಲೋಹದ ನೆಲಕ್ಕೆ ಬಡಿದು ಬಂದ ಅಲೆಯೂ ಒಂದು ಎತ್ತರದಲ್ಲಿ ಕೂಡಿಕೊಳ್ಳುತ್ತವೆ, ಇನ್ನೊಂದರಲ್ಲಿ ಒಂದನ್ನೊಂದು ಅಳಿಸುತ್ತವೆ. ನಮಗೆ ಬೇಕಾದದ್ದು ಅತಿ ಹೆಚ್ಚಿನ ಅಂಕಿ. ಆಂಟೆನಾವನ್ನು ಅಡ್ಡ ಒಮ್ಮೆ, ಉದ್ದ ಒಮ್ಮೆ ಇಟ್ಟು ಎಲ್ಲ ಮತ್ತೆ ಮಾಡಬೇಕು.

ಮೊದಲು ಉಪಕರಣ ಆರಿಸಿಟ್ಟು ಖಾಲಿ ಕೋಣೆಯ ಗದ್ದಲ ಅಳೆಯಬೇಕು. ಅದು ಮಿತಿಗಿಂತ ಕನಿಷ್ಠ 6 ಡಿಬಿ ಕೆಳಗಿರಬೇಕು. ಆಮೇಲೆ ‘ಪೀಕ್’ ಡಿಟೆಕ್ಟರಿನಲ್ಲಿ ಬೇಗ ಒಂದು ಸ್ಕ್ಯಾನ್, ಮಿತಿಯ ಹತ್ತಿರ ಬಂದ ಐದಾರು ಜಾಗಗಳಲ್ಲಿ ಮಾತ್ರ ‘ಕ್ವಾಸಿ-ಪೀಕ್’ ಅಳತೆ. ಕ್ವಾಸಿ-ಪೀಕ್ ರೇಡಿಯೊ ಕೇಳುಗರ ಕಿವಿಗಾಗಿ ಹುಟ್ಟಿದ ಅಳತೆ. ಆಗೊಮ್ಮೆ ಈಗೊಮ್ಮೆ ಬರುವ ಟಕ್ ಸದ್ದಿಗೆ ಕಡಿಮೆ ತೂಕ, ಎಡೆಬಿಡದ ಗರಗರಕ್ಕೆ ಹೆಚ್ಚು ತೂಕ. ಇದು ನಿಧಾನ, ಎಲ್ಲ ಆವರ್ತನಗಳನ್ನೂ ಇದರಲ್ಲೇ ಓಡಿಸಿದರೆ ದಿನ ಸಾಲದು. ರಿಸೀವರಿನ ಬ್ಯಾಂಡ್‌ವಿಡ್ತ್ 30 ಮೆಗಾಹರ್ಟ್ಸ್‌ಗಿಂತ ಕೆಳಗೆ 9 ಕಿಲೊಹರ್ಟ್ಸ್, 30ರಿಂದ 1000ದವರೆಗೆ 120 ಕಿಲೊಹರ್ಟ್ಸ್, ಅದರ ಮೇಲೆ 1 ಮೆಗಾಹರ್ಟ್ಸ್.

ಪರದೆಯ ಮೇಲೆ ಎಲ್ಲಿಲ್ಲದ ಗೋಪುರಗಳು ಎದ್ದರೆ ಕೂಡಲೇ ಉಪಕರಣವನ್ನು ದೂರಬಾರದು. ಪ್ರಿ-ಆಂಪ್ಲಿಫೈಯರೇ ಓವರ್‌ಲೋಡ್ ಆಗಿ ಸುಳ್ಳು ಸಿಗ್ನಲ್ ಹುಟ್ಟಿಸುತ್ತಿರಬಹುದು. ಅದರ ಮುಂದೆ 10 ಡಿಬಿ ಅಟೆನ್ಯುಯೇಟರ್ ಹಾಕಿ ನೋಡಿ. ಓದು ಸರಿಯಾಗಿ 10 ಇಳಿದರೆ ಸಿಗ್ನಲ್ ನಿಜ. ಅದಕ್ಕಿಂತ ಹೆಚ್ಚು ಕುಸಿದರೆ ನಂಬಬೇಡಿ.

ಫೇಲ್ ಆದಾಗ ಹುಡುಕುವ ಕ್ರಮ

ಮೊದಲ ಸಲವೇ ಪಾಸಾಗದ ಪೆಟ್ಟಿಗೆಗಳು ಬಹಳ. ಆಗ ಊಹೆ ಮಾಡುತ್ತಾ ಕೂರದೆ ಗೋಪುರಗಳ ನಡುವಿನ ಅಂತರ ಓದಬೇಕು. ಪ್ರತಿ 25 ಮೆಗಾಹರ್ಟ್ಸ್‌ಗೊಂದು ಇದ್ದರೆ ಬೋರ್ಡಿನಲ್ಲಿ 25 ಮೆಗಾಹರ್ಟ್ಸ್ ಕ್ಲಾಕ್ ಹುಡುಕಿ. ಅಗಲವಾದ ದಿಬ್ಬದಂತಿದ್ದರೆ ಪವರ್ ಸಪ್ಲೈ ಮೇಲೆ ಸಂಶಯ. ನಂತರ ಕೇಬಲುಗಳನ್ನು ಒಂದೊಂದಾಗಿ ತೆಗೆಯುತ್ತಾ ಹೋಗಿ. ಯಾವುದನ್ನು ತೆಗೆದಾಗ ಅಂಕಿ ಇಳಿಯಿತೋ ಅದೇ ಆಂಟೆನಾ. ಕೇಬಲ್ ಎಂದರೆ ಬರೀ ವೈರು ಅನ್ನಿಸುತ್ತದೆ, ಆದರೆ ಒಂದು ಮೀಟರ್ ಕೇಬಲಿನಲ್ಲಿ 50 ಮೆಗಾಹರ್ಟ್ಸ್‌ನ ಬರೀ 5 ಮೈಕ್ರೋಆಂಪಿಯರ್ ಕಾಮನ್-ಮೋಡ್ ಕರೆಂಟ್ (ಕೇಬಲಿನ ಎಲ್ಲ ವೈರುಗಳಲ್ಲೂ ಒಂದೇ ದಿಕ್ಕಿಗೆ ಹೋಗುವ ಕರೆಂಟ್) ಹರಿದರೂ ಮೂರು ಮೀಟರ್ ದೂರದ ಕ್ಲಾಸ್ ಬಿ ಮಿತಿ ಮುಟ್ಟಿಬಿಡುತ್ತದೆ.

ಶೀಲ್ಡ್ ಕೇಬಲ್ ಹಾಕಿದ್ದೇವಲ್ಲ ಅನ್ನುವವರು ಅದರ ತುದಿ ನೋಡಬೇಕು. ಶೀಲ್ಡ್ ಜಾಲರಿಯನ್ನು ಹೊಸೆದು ಐದು ಸೆಂಟಿಮೀಟರ್ ವೈರು ಮಾಡಿ ಸ್ಕ್ರೂಗೆ ಬಿಗಿದಿದ್ದರೆ ಆ ತುಂಡಿನ ಇಂಡಕ್ಟೆನ್ಸ್ ಸುಮಾರು 50 ನ್ಯಾನೊಹೆನ್ರಿ, 100 ಮೆಗಾಹರ್ಟ್ಸ್‌ನಲ್ಲಿ ಅದು 31 ಓಮ್ ಅಡ್ಡಿ. ಶೀಲ್ಡ್ ಇದ್ದೂ ಇಲ್ಲದಂತೆ. ಜಾಲರಿ ಕನೆಕ್ಟರಿನ ಸುತ್ತಲೂ 360 ಡಿಗ್ರಿ ಕೂರಬೇಕು.

ನಮ್ಮ ಭಾಗದ ಮಷಿನ್ ಶಾಪ್‌ಗಳಿಗೆ ನೇರ ಸಂಬಂಧಿಸಿದ ಕಾರಣ ಇನ್ನೊಂದಿದೆ. ಬೆಳಗಾವಿಯ ಉದ್ಯಮಬಾಗದಲ್ಲೋ ಹತ್ತರಗಿಯ ಏರೋಸ್ಪೇಸ್ ವಲಯದಲ್ಲೋ ತಯಾರಾಗುವ ಅಲ್ಯುಮಿನಿಯಂ ಪೆಟ್ಟಿಗೆ ಕಣ್ಣಿಗೆ ಲೋಹವೇ, ಆದರೆ ಆನೊಡೈಸ್ ಮಾಡಿದ ಮೇಲ್ಮೈಯಲ್ಲಿ ಕರೆಂಟ್ ಹರಿಯುವುದಿಲ್ಲ. ಮುಚ್ಚಳ ಕೂರುವ ಅಂಚು, ಕನೆಕ್ಟರ್ ಬಿಗಿಯುವ ಜಾಗ ಆನೊಡೈಸ್ ಆಗಿಬಿಟ್ಟರೆ ಪೆಟ್ಟಿಗೆ ನಾಲ್ಕಾರು ಬಿಡಿ ಹಲಗೆಗಳಾಗಿ ಉಳಿಯುತ್ತದೆ. ಡ್ರಾಯಿಂಗಿನಲ್ಲಿ ಆ ಜಾಗಗಳನ್ನು ಮಾಸ್ಕ್ ಮಾಡಿ, ಕರೆಂಟ್ ಹರಿಯುವ ಕ್ರೋಮೇಟ್ ಲೇಪನ ಕೊಡಿ ಎಂದು ಬರೆಸುವುದು ಸಿಸ್ಟಮ್ಸ್ ಇಂಜಿನಿಯರಿನ ಕೆಲಸ. ಪೆಟ್ಟಿಗೆ ಬಂದ ಮೇಲೆ ನಾಲ್ಕು ವೈರಿನ ಮಿಲಿಓಮ್ ಮೀಟರಿನಲ್ಲಿ ಅಳೆದು ನೋಡಬೇಕು. ರಕ್ಷಣಾ ಉಪಕರಣಗಳಲ್ಲಿ 2.5 ಮಿಲಿಓಮ್ ಎಂಬ ಮಿತಿ ರೂಢಿಯಲ್ಲಿದೆ. ಸಾಮಾನ್ಯ ಮಲ್ಟಿಮೀಟರಿನ ಬೀಪ್ ಇಲ್ಲಿ ಏನೂ ಹೇಳುವುದಿಲ್ಲ.

ಸೀಳುಗಳ ಅಗಲಕ್ಕಿಂತ ಉದ್ದ ಮುಖ್ಯ. ಎರಡು ಸ್ಕ್ರೂಗಳ ನಡುವೆ ಕೂದಲೆಳೆಯಷ್ಟೇ ಬಿರುಕಿದ್ದರೂ ಅದು 15 ಸೆಂಟಿಮೀಟರ್ ಉದ್ದವಿದ್ದರೆ 1 ಗಿಗಾಹರ್ಟ್ಸ್‌ನಲ್ಲಿ ಅಲೆಯ ಅರ್ಧ ಉದ್ದಕ್ಕೆ ಸಮ, ಪೆಟ್ಟಿಗೆ ತಡೆಯುವುದು ಏನೂ ಉಳಿಯುವುದಿಲ್ಲ. ಸ್ಕ್ರೂಗಳನ್ನು ಒಂದೂವರೆ ಸೆಂಟಿಮೀಟರಿಗೊಂದರಂತೆ ಹಾಕಿದರೆ ಸುಮಾರು 20 ಡಿಬಿ ಸಿಗುತ್ತದೆ.

ವೈರಿನ ಪರೀಕ್ಷೆಯಲ್ಲಿ ಸೋತರೆ ಲೈನ್ ಮತ್ತು ನ್ಯೂಟ್ರಲ್ ನಡುವಿನ ಎಕ್ಸ್ ಕೆಪಾಸಿಟರ್ ಸಾಮಾನ್ಯವಾಗಿ ಕೆಳಗಿನ ಆವರ್ತನಗಳಿಗೆ, ಕಾಮನ್-ಮೋಡ್ ಚೋಕ್ ಮತ್ತು ಅರ್ತಿಗೆ ಹೋಗುವ ವೈ ಕೆಪಾಸಿಟರ್ ಮೇಲಿನವುಗಳಿಗೆ ಔಷಧ. ವೈ ಕೆಪಾಸಿಟರನ್ನು ಬೇಕಾದಷ್ಟು ದೊಡ್ಡದು ಮಾಡಲಾಗದು, ಅರ್ತಿಗೆ ಸೋರುವ ಕರೆಂಟಿಗೆ ಸುರಕ್ಷತೆಯ ಮಿತಿ ಇದೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಫೋಟೊ ತೆಗೆದು, ಅಂಕಿ ಬರೆದಿಡಿ. ಗಡಿಬಿಡಿಯಲ್ಲಿ ಮೂರು ಫೆರೈಟ್, ಎರಡು ಟೇಪ್ ಒಟ್ಟಿಗೆ ಹಾಕಿ ಪಾಸು ಮಾಡಿಸಿದರೆ ಯಾವುದು ಕೆಲಸ ಮಾಡಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ, ಐದನ್ನೂ ಪ್ರತಿ ಪೆಟ್ಟಿಗೆಗೆ ಹಾಕುತ್ತಾ ಇರಬೇಕಾಗುತ್ತದೆ.

ತಡೆದುಕೊಳ್ಳುವ ಪರೀಕ್ಷೆ

ಇನ್ನರ್ಧ ಕೆಲಸ ಉಪಕರಣಕ್ಕೇ ತೊಂದರೆ ಕೊಟ್ಟು ನೋಡುವುದು. ಪಂಪ್ ಕಂಟ್ರೋಲರಿಗೆ ಅತಿ ಮುಖ್ಯವಾದದ್ದು ಬರ್ಸ್ಟ್ ಪರೀಕ್ಷೆ, ಐಇಸಿ 61000-4-4. ಕಾಂಟ್ಯಾಕ್ಟರಿನ ಕಾಯಿಲ್ ಬಿಟ್ಟಾಗ ಹುಟ್ಟುವ ವೋಲ್ಟೇಜ್ ಏಟುಗಳನ್ನು ಇದು ಅನುಕರಿಸುತ್ತದೆ: 5 ನ್ಯಾನೊಸೆಕೆಂಡಿನಲ್ಲಿ ಏರಿ 50 ನ್ಯಾನೊಸೆಕೆಂಡ್ ಇರುವ ಸ್ಪಂದನಗಳ ಗೊಂಚಲು, 300 ಮಿಲಿಸೆಕೆಂಡಿಗೊಮ್ಮೆ, 1 ಅಥವಾ 2 ಕಿಲೊವೋಲ್ಟ್ ಮಟ್ಟದಲ್ಲಿ. ಮೋಟರ್ ಬಂದ್ ಮಾಡಿದ ಕೂಡಲೇ ಕಂಟ್ರೋಲರ್ ರೀಸೆಟ್ ಆಗಿ ತಾನೇ ಮತ್ತೆ ಚಾಲೂ ಆಗುವ ದೂರಿಗೆ ಇದೇ ಕಾರಣ ಇರಬಹುದು. ಕಾಯಿಲಿನ ಎರಡೂ ತುದಿಗೆ, ಅದರ ವೋಲ್ಟೇಜಿಗೆ ತಕ್ಕ ರೇಟಿಂಗಿನ 100 ಓಮ್ ಮತ್ತು 0.1 ಮೈಕ್ರೋಫ್ಯಾರಡ್ ಸರಣಿ ಜೋಡಣೆ ಹಾಕಿದರೆ ಏಟು ಹುಟ್ಟುವಲ್ಲೇ ತಗ್ಗುತ್ತದೆ.

ಫಲಿತಾಂಶ ಹೇಳಲು ಎ, ಬಿ, ಸಿ ಎಂಬ ಮಟ್ಟಗಳಿವೆ. ಎ ಎಂದರೆ ಕೆಲಸ ಕೆಡಲೇ ಇಲ್ಲ, ಬಿ ಎಂದರೆ ತುಸು ಕೆಟ್ಟು ತಾನೇ ಸರಿಹೋಯಿತು, ಸಿ ಎಂದರೆ ಮನುಷ್ಯ ಕೈ ಹಾಕಬೇಕಾಯಿತು. ಪಂಪ್ ತಾನಾಗಿ ಚಾಲೂ ಆದರೆ ಅದು ಬಿ ಅಲ್ಲ, ಸುರಕ್ಷತೆಯ ದೋಷ. ಬಾವಿಗೆ ಇಳಿದವರ ಜೀವದ ಪ್ರಶ್ನೆ. ಇದನ್ನು ಟೆಸ್ಟಿನ ಮುಂಚೆಯೇ ಬರೆದಿಡಬೇಕು. ಪೆಟ್ಟಿಗೆ ಕೆಟ್ಟ ಮೇಲೆ ‘ಇಷ್ಟು ನಡೆಯುತ್ತದೆ’ ಎಂದು ತೀರ್ಮಾನಿಸುವಂತಿಲ್ಲ.

ಊರಲ್ಲಿದ್ದೇ ಕಲಿಯಬಹುದಾದದ್ದು

ಸುಮಾರು 24ರಿಂದ 1700 ಮೆಗಾಹರ್ಟ್ಸ್‌ವರೆಗೆ ಕೇಳುವ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿಗೆ ಸಿಕ್ಕಿಸುವ ರೇಡಿಯೊ ರಿಸೀವರ್) ಒಂದು ಲ್ಯಾಪ್‌ಟಾಪಿಗೆ ಸಾಕು. ತೆಳ್ಳನೆಯ ಕೋಆಕ್ಸಿಯಲ್ ಕೇಬಲಿನ ತುದಿಯನ್ನು ಎರಡು ಸೆಂಟಿಮೀಟರ್ ಬಳೆಯಾಗಿ ಬಗ್ಗಿಸಿ, ತುದಿಯ ಒಳವೈರು ಮತ್ತು ಜಾಲರಿ ಎರಡನ್ನೂ ಬಳೆ ಮುಗಿಯುವಲ್ಲಿ ಕೇಬಲಿನ ಜಾಲರಿಗೆ ಬೆಸುಗೆ ಹಾಕಿ. ಬಳೆಯ ನೆತ್ತಿಯಲ್ಲಿ ಜಾಲರಿಯನ್ನು ಮಾತ್ರ ಒಂದೆರಡು ಮಿಲಿಮೀಟರ್ ಕತ್ತರಿಸಿ, ಮೇಲೆ ಇನ್ಸುಲೇಶನ್ ಸುತ್ತಿ. ಇದೇ ನಿಯರ್-ಫೀಲ್ಡ್ ಪ್ರೋಬ್. ಬ್ಯಾಟರಿಯಲ್ಲಿ ನಡೆಯುವ ಯಾವುದಾದರೂ ಮೈಕ್ರೋಕಂಟ್ರೋಲರ್ ಬೋರ್ಡಿನ ಮೇಲೆ ಆಡಿಸಿದರೆ ಕ್ಲಾಕ್ ಹಾದಿ ಎಲ್ಲಿದೆ ಎಂಬುದು ಪರದೆಯಲ್ಲಿ ಎದ್ದು ಕಾಣುತ್ತದೆ. ಮೇನ್ಸ್ ಇರುವ ಭಾಗಕ್ಕೆ ತಾಗಿಸಬೇಡಿ. ಈ ಅಂಕಿಗಳು ಹೋಲಿಕೆಗೆ ಮಾತ್ರ, ಪ್ರಮಾಣಪತ್ರಕ್ಕಲ್ಲ.

ಕೇಳುವುದು ಬೇರೆ, ಕಳಿಸುವುದು ಬೇರೆ. ಮನೆಯಲ್ಲೋ ಕಾಲೇಜಿನಲ್ಲೋ ಲೈಸೆನ್ಸ್ ಇಲ್ಲದೆ ಆಂಪ್ಲಿಫೈಯರ್ ಹಚ್ಚಿ ಅಲೆ ಬಿಡುವುದು ಕಾನೂನುಬಾಹಿರ. ಕಳಿಸುವ ಆಸಕ್ತಿ ಇದ್ದವರು ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಪರೀಕ್ಷೆ ಬರೆಯಬಹುದು, ಸಂದರ್ಶನದಲ್ಲೂ ಅದಕ್ಕೆ ತೂಕ ಬರುತ್ತದೆ.

ಇದೇ ಕೌಶಲ ಬೇಕಾಗುವ ಇನ್ನೊಂದು ಜಾಗ ರೇಡಿಯೊ ದೂರದರ್ಶಕ. ಪುಣೆಯ ಉತ್ತರಕ್ಕೆ, ನಾರಾಯಣಗಾಂವ್ ಹತ್ತಿರದ ಖೋಡದ್‌ನಲ್ಲಿ 45 ಮೀಟರ್ ವ್ಯಾಸದ 30 ಆಂಟೆನಾಗಳ ಜಿಎಂಆರ್‌ಟಿ ಇದೆ. ಆಕಾಶದಿಂದ ಬರುವ ಸಿಗ್ನಲ್ ಎಷ್ಟು ಕ್ಷೀಣ ಎಂದರೆ ಹತ್ತಿರದ ವಿದ್ಯುತ್ ತಂತಿಯ ಒಂದು ಸಡಿಲ ಇನ್ಸುಲೇಟರಿನ ಕಿಡಿಯೂ ಅದನ್ನು ಮುಚ್ಚಿಹಾಕಬಲ್ಲದು. ಅಂಥ ಕಡೆ ಕ್ಲಾಸ್ ಬಿ ಪಾಸಾದ ಉಪಕರಣವೂ ತುಂಬಾ ಗದ್ದಲದ್ದೇ.

ಸಂದರ್ಶನ ಮತ್ತು ಮೊದಲ ವರ್ಷ

ಇಸಿ ಅಥವಾ ಇಇ ಓದಿದವರಿಗೆ ಕೇಳುವ ಪ್ರಶ್ನೆಗಳು ಸರಳವೇ: 46 ಡಿಬಿ-ಮೈಕ್ರೋವೋಲ್ಟ್ ಎಂದರೆ ಎಷ್ಟು (ಸುಮಾರು 200 ಮೈಕ್ರೋವೋಲ್ಟ್), 100 ಮೆಗಾಹರ್ಟ್ಸ್‌ನ ಅಲೆಯ ಉದ್ದ ಎಷ್ಟು (3 ಮೀಟರ್), ಕೆಪಾಸಿಟರ್ ಹೆಚ್ಚಿನ ಆವರ್ತನದಲ್ಲಿ ಯಾಕೆ ಕೆಪಾಸಿಟರ್ ಆಗಿ ಉಳಿಯುವುದಿಲ್ಲ (ಕಾಲಿನ ಇಂಡಕ್ಟೆನ್ಸ್). ಪೈಥಾನಿನಲ್ಲಿ ಒಂದು ಸಿಎಸ್‌ವಿ ಓದಿ ಮಿತಿಯ ಗೆರೆಯೊಂದಿಗೆ ಗ್ರಾಫ್ ಬಿಡಿಸಲು ಬಂದರೆ ದಿನನಿತ್ಯ ಉಪಯೋಗ.

ಮೊದಲ ವರ್ಷದ ಕೆಲಸ ಬಹುಪಾಲು ಟೆಸ್ಟ್ ಪ್ಲಾನ್ ಬರೆಯುವುದು, ಜೋಡಣೆಯ ಫೋಟೊ, ಕ್ಯಾಲಿಬ್ರೇಶನ್ ದಿನಾಂಕಗಳ ಪರಿಶೀಲನೆ, ರಿಪೋರ್ಟ್. ಪಾಸಾದ ಮೇಲೂ ಫೈಲ್ ಮುಚ್ಚುವುದಿಲ್ಲ. ಆರು ತಿಂಗಳ ನಂತರ ಪರ್ಚೇಸ್ ವಿಭಾಗ ಅದೇ ವೋಲ್ಟಿನ, ಅದೇ ಆಂಪಿಯರಿನ ಬೇರೆ ಕಂಪನಿಯ ಪವರ್ ಸಪ್ಲೈ ಕಡಿಮೆ ದರಕ್ಕೆ ಸಿಕ್ಕಿತೆಂದು ಬದಲಿಸುತ್ತದೆ. ಅದರ ಸ್ವಿಚಿಂಗ್ ಆವರ್ತನ ಬೇರೆ, ಫಿಲ್ಟರ್ ಬೇರೆ. ಹಳೇ ರಿಪೋರ್ಟ್ ಈ ಪೆಟ್ಟಿಗೆಗೆ ಅನ್ವಯಿಸುತ್ತದೆಯೇ, ಯಾವ ಪರೀಕ್ಷೆಯನ್ನಷ್ಟೇ ಮತ್ತೆ ಮಾಡಿದರೆ ಸಾಕು ಎಂದು ಬರೆದು ಕೊಡಬೇಕಾದವರು ಈ ಹುದ್ದೆಯಲ್ಲಿರುವವರು. ಮೊದಲ ಸಲದ ಜೋಡಣೆಯ ಫೋಟೊ, ಕೇಬಲ್ ಉದ್ದ, ಫರ್ಮ್‌ವೇರ್ ನಂಬರ್ ಸರಿಯಾಗಿ ಬರೆದಿಟ್ಟಿದ್ದರೆ ಅದು ಅರ್ಧ ದಿನದ ಕೆಲಸ. ಬರೆದಿಟ್ಟಿಲ್ಲವಾದರೆ ಎಲ್ಲ ಪರೀಕ್ಷೆಗಳನ್ನೂ ಮೊದಲಿನಿಂದ ಮಾಡಬೇಕು.